ಬೈಕ್ ಟ್ಯಾಂಕಿನ ಸ್ಟಿಕ್ಕರ್ ತೆಗೆಯುವಾಗ ಪೇಂಟ್ ಉಳಿಸಿಕೊಳ್ಳುವುದು ಹೇಗೆ?

ಟ್ಯಾಂಕ್ ಮೇಲಿನ ಹಳೆ ಸ್ಟಿಕ್ಕರ್ ತೆಗೆಯಬೇಕು, ಥಿನ್ನರ್ ಹಾಕಿ ಉಜ್ಜಿದರೆ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅಂಟು ಯಾವುದು, ಪೇಂಟ್ ಯಾವುದು ಅಂತ ಥಿನ್ನರ್‌ಗೆ ಗೊತ್ತಾಗುವುದಿಲ್ಲ. ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಕತೆಯೂ ಅಷ್ಟೇ.

ಮೊದಲು ಸ್ಟಿಕ್ಕರ್ ಅಂಚಿನ ಮೇಲೆ ಉಗುರು ಆಡಿಸಿ ನೋಡಿ. ಚೂಪಾದ ಅಂಚು ಉಗುರಿಗೆ ಸಿಕ್ಕಿದರೆ ಅದು ಪೇಂಟ್ ಮೇಲೆ ಅಂಟಿಸಿದ್ದು, ತೆಗೆಯಬಹುದು. ಅಂಚು ಸಿಗದೆ ಉಗುರು ನುಣ್ಣಗೆ ಜಾರಿದರೆ ಸ್ಟಿಕ್ಕರ್ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಹೊಡೆದಿದ್ದಾರೆ ಅಂತ ಅರ್ಥ. ಅದನ್ನು ಸುಲಿಯಲು ಆಗುವುದಿಲ್ಲ. ಸ್ಯಾಂಡ್ ಪೇಪರ್‌ನಲ್ಲಿ ತಿಕ್ಕಿ ಮತ್ತೆ ಪೇಂಟ್ ಮಾಡಿಸಬೇಕು, ಇಲ್ಲ ಅದರ ಮೇಲೇ ಬೇರೆ ಸ್ಟಿಕ್ಕರ್ ಹಾಕಬೇಕು. ಟ್ಯಾಂಕಿಗೆ ಹಿಂದೆ ಯಾವಾಗಲಾದರೂ ಹೊರಗಿನ ಗ್ಯಾರೇಜಿನಲ್ಲಿ ಮತ್ತೆ ಪೇಂಟ್ ಮಾಡಿಸಿದ್ದರೂ ಹುಷಾರು. ಆ ಪೇಂಟ್ ಸರಿಯಾಗಿ ಹಿಡಿದಿರದಿದ್ದರೆ ಸ್ಟಿಕ್ಕರ್ ಜೊತೆಗೇ ಎದ್ದು ಬರುತ್ತದೆ.

ತೆಗೆಯಬಹುದು ಅಂತ ಖಾತ್ರಿಯಾದರೆ ಬೇಕಾಗಿರುವುದು ಬಿಸಿ ಮತ್ತು ತಾಳ್ಮೆ. ಬೈಕನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಲ್ಲಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಹೇರ್ ಡ್ರೈಯರ್. ಆದರೆ ಇದು ಪೆಟ್ರೋಲ್ ಟ್ಯಾಂಕ್ ಅನ್ನುವುದು ನೆನಪಿರಲಿ. ಗಾಳಿಯಾಡುವ ಜಾಗದಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ, ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲ ಅಂತ ನೋಡಿಕೊಂಡು ಮಾಡಿ. ಪೆಟ್ರೋಲ್ ಖಾಲಿ ಮಾಡಿದರೆ ಭಯವಿಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ನಿಜಕ್ಕೂ ಉಲ್ಟಾ: ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುತ್ತದೆ, ಬೆಂಕಿ ಹತ್ತುವುದು ಆ ಆವಿಗೇ. ತುಂಬಾ ಬಿಸಿ ಗಾಳಿ ಊದುವ ಹೀಟ್ ಗನ್ ಬೇಡವೇ ಬೇಡ, ಅದರ ಬಿಸಿಗೆ ಪೇಂಟ್ ಗುಳ್ಳೆ ಏಳುತ್ತದೆ.

ಕೈಗೆ ಚೆನ್ನಾಗಿ ಬಿಸಿ ತಾಗುವಷ್ಟಾದ ಮೇಲೆ ಒಂದು ಮೂಲೆ ಎಬ್ಬಿಸಿ. ಇದಕ್ಕೆ ಹಳೆ ಎಟಿಎಂ ಕಾರ್ಡ್ ಸಾಕು, ಬ್ಲೇಡ್ ಮುಟ್ಟಬೇಡಿ. ಈಗ ಮೇಲಕ್ಕೆ ಎಳೆಯಬಾರದು. ಎದ್ದ ತುದಿಯನ್ನು ಹಿಂದಕ್ಕೆ ಮಡಚಿ, ಟ್ಯಾಂಕಿಗೆ ಒರಗಿಸಿದ ಹಾಗೆ ನಿಧಾನವಾಗಿ ಎಳೆಯಿರಿ. ಹೀಗೆ ಎಳೆದರೆ ಅಂಟೂ ಸ್ಟಿಕ್ಕರ್ ಜೊತೆ ಬರುವುದು ಜಾಸ್ತಿ. ಹರಿಯಲು ಶುರುವಾದರೆ ನಿಲ್ಲಿಸಿ, ಮತ್ತೆ ಬಿಸಿ ಮಾಡಿ. ಸ್ಟಿಕ್ಕರ್ ಬದಲು ದಪ್ಪ ಪ್ಲಾಸ್ಟಿಕ್ ಬ್ಯಾಡ್ಜ್ ಅಂಟಿಸಿದ್ದರೆ ಅದರ ಹಿಂದೆ ಮೀನಿನ ಗಾಳದ ದಾರ ತೂರಿಸಿ, ಗರಗಸ ಎಳೆದ ಹಾಗೆ ಆಡಿಸಿದರೆ ಬಿಟ್ಟುಕೊಳ್ಳುತ್ತದೆ.

ಉಳಿದ ಅಂಟಿಗೆ ಟ್ಯಾಂಕ್ ಪೂರ್ತಿ ತಣ್ಣಗಾದ ಮೇಲೆ ಸೀಮೆಎಣ್ಣೆ ಅಥವಾ ತುಕ್ಕು ಬಿಡಿಸಲು ಬಳಸುವ ಡಬ್ಲ್ಯುಡಿ-40 ಸ್ಪ್ರೇ ಹಾಕಬಹುದು. ಬಿಸಿ ಟ್ಯಾಂಕ್ ಮೇಲೆ ಮಾತ್ರ ಬೇಡ, ಇವು ಉರಿಯುವ ವಸ್ತುಗಳು. ಮೊದಲು ಸೀಟಿನ ಕೆಳಗೆ ಅಡಗಿರುವ ಭಾಗದಲ್ಲಿ ಒಂದು ಹನಿ ಹಾಕಿ ಪರೀಕ್ಷೆ ಮಾಡಿ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಮುಂದುವರಿಯಿರಿ. ಅದರಲ್ಲೇ ಒದ್ದೆ ಮಾಡಿದ ಬಟ್ಟೆಯನ್ನು ಅಂಟಿನ ಮೇಲೆ ಕೆಲವು ನಿಮಿಷ ಹಾಗೇ ಬಿಡಿ. ಅಂಟು ನೆನೆದರೆ ಬೆರಳಲ್ಲೇ ಉಂಡೆಯಾಗಿ ಬರುತ್ತದೆ, ಒಣಗಿದ್ದಾಗ ಉಜ್ಜಿದರೆ ಗೀರು ಬೀಳುವುದೇ ಸೈ. ಆಮೇಲೆ ಶಾಂಪೂ ನೀರಲ್ಲಿ ತೊಳೆದುಬಿಡಿ.

ಇಷ್ಟಾದರೂ ಸ್ಟಿಕ್ಕರ್ ಇದ್ದ ಜಾಗ ಎದ್ದು ಕಾಣಬಹುದು. ಅಲ್ಲಿನ ಬಣ್ಣ ಬಿಸಿಲು ಕಂಡಿಲ್ಲ, ಸುತ್ತಲಿನದು ಮಾಸಿದೆ, ಅಲ್ವಾ? ಸುತ್ತಲಿನ ಜಾಗಕ್ಕೆ ಪಾಲಿಶ್ ಹಾಕಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ, ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನಿಮ್ಮದು ಹೊಳಪಿಲ್ಲದ ಮ್ಯಾಟ್ ಪೇಂಟ್ ಆಗಿದ್ದರೆ ಪಾಲಿಶ್ ಹತ್ತಿರವೂ ತರಬೇಡಿ. ಉಜ್ಜಿದ ಕಡೆಯೆಲ್ಲ ಹೊಳಪು ಬಂದುಬಿಡುತ್ತದೆ, ಆ ಹೊಳಪು ತೆಗೆಯಲು ಮತ್ತೆ ಪೇಂಟ್ ಮಾಡಿಸಬೇಕಾಗುತ್ತದೆ.