ಓದುಗರ ಪ್ರಶ್ನೆ: ತಿಳಿಗೆರೆಯ ಯೋಸ್ಟ್ ಸ್ವಾರ್ಟೆ

ಪ್ರಶ್ನೆ: ಟಿನ್‌ಟಿನ್ ಚಿತ್ರ ಬರೆದವರು ಬೆಲ್ಜಿಯಂನ ಎರ್ಜೆ. ಆ ಶೈಲಿಯ ಮಾತು ಬಂದಾಗೆಲ್ಲ ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ ಹೆಸರೂ ಬರತದ. ಅವರಿಗೂ ಇದಕ್ಕೂ ಏನು ಸಂಬಂಧ?
– ಓದುಗರು, ಬಾಗಲಕೋಟೆ

ಉತ್ತರ: ಆ ಶೈಲಿಗೆ ಹೆಸರಿಟ್ಟವರೇ ಸ್ವಾರ್ಟೆ. 1977ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನಡೆದ ಟಿನ್‌ಟಿನ್ ಪ್ರದರ್ಶನದ ಹೊತ್ತಿಗೆ ಅವರು ಅದನ್ನು ‘ಕ್ಲಾರೆ ಲೇನ್’ ಎಂದು ಕರೆದರು. ಕನ್ನಡದಲ್ಲಿ ತಿಳಿಗೆರೆ ಎನ್ನೋಣ. ಗೆರೆಯ ದಪ್ಪ ಎಲ್ಲ ಕಡೆ ಒಂದೇ. ನೆರಳಿಗಾಗಿ ಗೀರು ಎಳೆಯುವುದಿಲ್ಲ, ಬಣ್ಣವನ್ನು ಸಪಾಟಾಗಿ ತುಂಬುತ್ತಾರೆ. ಹಿಂದಿನ ಗೋಡೆಗೂ ಮುಂದೆ ನಿಂತ ಮನುಷ್ಯನಿಗೂ ಸಮನಾದ ಗೌರವ.

ಸ್ವಾರ್ಟೆ ಹುಟ್ಟಿದ್ದು 1947ರ ಡಿಸೆಂಬರ್ 24ರಂದು, ನೆದರ್ಲೆಂಡ್ಸ್‌ನ ಹಾರ್ಲೆಮ್ ಪಕ್ಕದ ಹೇಮ್‌ಸ್ಟೇಡದಲ್ಲಿ. ಐಂಡ್‌ಹೋವನ್‌ನಲ್ಲಿ ಓದಿದ್ದು ಚಿತ್ರಕಲೆಯನ್ನಲ್ಲ, ಕೈಗಾರಿಕಾ ವಿನ್ಯಾಸವನ್ನು. ಅವರ ಚಿತ್ರಗಳಲ್ಲಿ ಕುರ್ಚಿ, ಮೆಟ್ಟಿಲು, ಕಿಟಕಿಗಳು ನಿಜಕ್ಕೂ ಕಟ್ಟಬಹುದಾದಷ್ಟು ಖಚಿತವಾಗಿರುವುದರ ಮೂಲ ಅಲ್ಲಿದೆ. 1971ರಲ್ಲಿ ‘ಮಾಡರ್ನ್ ಪಾಪಿಯರ್’ ಎಂಬ ಸ್ವಂತ ಪತ್ರಿಕೆ ತೆಗೆದರು. 1980ರಲ್ಲಿ ನ್ಯೂಯಾರ್ಕಿನ ‘ರಾ’ ಪತ್ರಿಕೆಯ ಎರಡನೇ ಸಂಚಿಕೆಯ ಮುಖಪುಟ ಅವರದು. ‘ನ್ಯೂಯಾರ್ಕರ್’ ಪತ್ರಿಕೆಗೂ ಚಿತ್ರ ಬರೆದಿದ್ದಾರೆ. 1992ರಲ್ಲಿ ಶುರುವಾದ ಹಾರ್ಲೆಮ್‌ನ ಕಾಮಿಕ್ಸ್ ಉತ್ಸವದ ಸಂಸ್ಥಾಪಕರಲ್ಲಿ ಅವರೂ ಒಬ್ಬರು.

ಪ್ರಶ್ನೆ: ಮಗ ಚಿತ್ರಕಲಾ ಕಾಲೇಜಿನಲ್ಲಿದ್ದಾನೆ, ಕಾಮಿಕ್ಸ್ ಕಲಾವಿದ ಆಗ್ತೀನಿ ಅಂತಾನೆ. ಇದರಿಂದ ಹೊಟ್ಟೆ ತುಂಬುತ್ತದೆಯೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಕಾಮಿಕ್ಸ್ ಒಂದನ್ನೇ ನಂಬಿದರೆ ಕಷ್ಟ. ಸ್ವಾರ್ಟೆ ಬರೆದ ಕಾಮಿಕ್ಸ್ ಪುಟಗಳೂ ಬಹಳವಲ್ಲ. ಪೋಸ್ಟರ್, ಅಂಚೆಚೀಟಿ, ಅಕ್ಷರ ವಿನ್ಯಾಸ, ಬಣ್ಣದ ಗಾಜಿನ ಕಿಟಕಿ, ಪೀಠೋಪಕರಣ, ಎಲ್ಲದಕ್ಕೂ ಅದೇ ಗೆರೆಯನ್ನು ಒಯ್ದರು. ಹಾರ್ಲೆಮ್‌ನ ಟೊನೇಲ್‌ಸ್ಕೂರ್ ರಂಗಮಂದಿರದ ಕಲ್ಪನೆ ಅವರದೇ. ಅದನ್ನು ಕಟ್ಟಡವಾಗಿಸಲು ಮೆಕನೂ ವಾಸ್ತುಶಿಲ್ಪ ಸಂಸ್ಥೆ ಜೊತೆಗೂಡಿತು, 2003ರಲ್ಲಿ ಬಾಗಿಲು ತೆರೆಯಿತು. ವ್ಯಂಗ್ಯಚಿತ್ರಕಾರನೊಬ್ಬ ಕಾಗದದ ಮೇಲೆ ಎಳೆದ ಗೆರೆಯೊಳಗೆ ಜನ ನಡೆದಾಡುವುದು ಎಂಥ ಸಂಗತಿ!

ಮಗನಿಗೆ ಒಂದು ಮಾತು ಈಗಲೇ ಹೇಳಿ: ಕೆಲಸ ಒಪ್ಪುವ ಮೊದಲು ಹಕ್ಕಿನ ಮಾತು ಬರವಣಿಗೆಯಲ್ಲಿ ಆಗಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಹೇಳಿ ಬರೆಸಿದ ವರ್ಣಚಿತ್ರ ಅಥವಾ ಭಾವಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಸೇರುತ್ತದೆ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಇಡೀ ಭಾರತ ಎಂದೂ ಕಾಯ್ದೆ ಗಣಿಸುತ್ತದೆ. ಯಾವ ಬಳಕೆಗೆ, ಎಷ್ಟು ಪ್ರತಿಗೆ, ಎಷ್ಟು ಕಾಲಕ್ಕೆ, ಮೂಲಚಿತ್ರ ಯಾರ ಬಳಿ ಉಳಿಯುತ್ತದೆ, ಈ ನಾಲ್ಕು ಸಾಲು ಸಾಕು.

ಪ್ರಶ್ನೆ: ಗೋಳಗುಮ್ಮಟವನ್ನು ಸ್ವಾರ್ಟೆ ಹಂಗ ಮೇಲಿಂದ ನೋಡಿದಂತೆ ಬರೀಬೇಕಂತ ಮೂರು ಸಲ ಕುಂತೆ. ಗೋಡೆ ಸರಿ ಬರತಾವ, ಗುಮ್ಮಟ ಮಾತ್ರ ಸಣ್ಣದಾಗಿ ಟೊಪ್ಪಿಗೆ ಇಟ್ಟಂಗ ಕಾಣತದ. ಎಲ್ಲಿ ತಪ್ಪಿದೆ?
– ಓದುಗರು, ವಿಜಯಪುರ

ಉತ್ತರ: ತಪ್ಪು ಕೈಯದಲ್ಲ, ಲೆಕ್ಕದ್ದು. ನೀವು ಬಳಸುತ್ತಿರುವುದು ಐಸೊಮೆಟ್ರಿಕ್ ನೋಟ. ಎರಡು ಗೋಡೆಗಳ ತಳ 30 ಡಿಗ್ರಿಯಲ್ಲಿ ಎಡಕ್ಕೂ ಬಲಕ್ಕೂ ಹೋಗುತ್ತದೆ, ಎತ್ತರ ನೆಟ್ಟಗೆ ನಿಲ್ಲುತ್ತದೆ, ಮೂರನ್ನೂ ಒಂದೇ ಸ್ಕೇಲಿನಲ್ಲಿ ಅಳೆಯುತ್ತೇವೆ. ನಿಜವಾದ ನೋಟದಲ್ಲಿ ಈ ಮೂರೂ ಅಳತೆ ಕುಗ್ಗಿ 0.82 ಪಟ್ಟು ಆಗಬೇಕು. ನಾವು ಕುಗ್ಗಿಸುವುದಿಲ್ಲ, ಹಾಗಾಗಿ ಗೋಡೆ ದೊಡ್ಡದಾಗುತ್ತದೆ. ಗೋಳವನ್ನು ಅದರ ಸ್ವಂತ ಅಳತೆಗೆ ಬರೆದರೆ ಪಕ್ಕದಲ್ಲಿ ಅದು ಸಣ್ಣದಾಗಿ ಕೂರುತ್ತದೆ. ಗುಮ್ಮಟದ ತ್ರಿಜ್ಯವನ್ನು 1.22ರಿಂದ ಗುಣಿಸಿ.

ಎ3 ಹಾಳೆಗೆ 1:400 ಸ್ಕೇಲು ಹೊಂದುತ್ತದೆ. ಕಟ್ಟಡದ ಬದಿ ಸುಮಾರು 47.5 ಮೀಟರ್, ಹಾಳೆಯಲ್ಲಿ 11.9 ಸೆಂ.ಮೀ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಹಾಳೆಯಲ್ಲಿ 11 ಸೆಂ.ಮೀ., ಅಂದರೆ ತ್ರಿಜ್ಯ 5.5. ಕಂಪಾಸಿನಲ್ಲಿ 6.7 ತೆಗೆದುಕೊಂಡು ವೃತ್ತ ಎಳೆಯಿರಿ. ಎಲ್ಲಿಂದ ನೋಡಿದರೂ ಗೋಳದ ಹೊರಗೆರೆ ವೃತ್ತವೇ, ಅದನ್ನು ಮೊಟ್ಟೆ ಆಕಾರಕ್ಕೆ ಎಳೆಯಬೇಡಿ. ಗುಮ್ಮಟದ ಬುಡ ಮಾತ್ರ ದೀರ್ಘವೃತ್ತ: ಉದ್ದ 13.4, ಅಗಲ 7.8 ಸೆಂ.ಮೀ. ಬುಡದ ಕಮಲದೆಸಳಿನ ಸಾಲು ಈ ದೀರ್ಘವೃತ್ತದ ಗೆರೆಯನ್ನೇ ಹಿಡಿದು ಸಾಗಲಿ. ಅಂಚಿಗೆ ಹೋದಂತೆ ಎಸಳು ಕಿರಿದಾಗಬೇಕು. ಸಮ ಅಗಲಕ್ಕೆ ಬರೆದರೆ ಗುಮ್ಮಟ ತಟ್ಟೆಯಂತೆ ಚಪ್ಪಟೆಯಾಗುತ್ತದೆ.

ಮೂಲೆಯ ಗೋಪುರಗಳು ಎಂಟು ಮುಖದವು, ಏಳು ಅಂತಸ್ತಿನವು. ಮೊದಲು ಐಸೊಮೆಟ್ರಿಕ್ ಚೌಕ ಎಳೆದು, ಪ್ರತಿ ಬದಿಯಲ್ಲಿ ಎರಡೂ ಮೂಲೆಯಿಂದ ಬದಿಯ 0.29 ಭಾಗಕ್ಕೆ ಗುರುತು ಹಾಕಿ ಕೂಡಿಸಿದರೆ ಎಂಟು ಮುಖ ಸಿಗುತ್ತವೆ. ಕಮಾನು ಕಿಟಕಿಗಳನ್ನು ಒಂದೇ ಗೋಪುರದಲ್ಲಿ ಸರಿಯಾಗಿ ಬರೆದು, ಉಳಿದವಕ್ಕೆ ಟ್ರೇಸಿಂಗ್ ಹಾಳೆಯಿಂದ ಎತ್ತಿಕೊಳ್ಳಿ. ಕಲ್ಲಿನ ಸಂದುಗಳನ್ನೆಲ್ಲ ತುಂಬಲು ಹೋಗಬೇಡಿ. ಎದುರು ಗೋಡೆಯಲ್ಲಿ ಹತ್ತು ಹನ್ನೆರಡು ಕಲ್ಲು ಸಾಕು, ಉಳಿದದ್ದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ತಿಳಿಗೆರೆಯಲ್ಲಿ ಬಿಟ್ಟದ್ದೂ ಚಿತ್ರದ ಭಾಗವೇ.

ಪ್ರಶ್ನೆ: ಮಳೆಗಾಲದಲ್ಲಿ ಇಂಕು ಹಾಕಿದರೆ ಗೆರೆ ಪಕ್ಕಕ್ಕೆ ಹರಡಿ ಕೂದಲು ಬಂದಂತಾಗುತ್ತದೆ. ಪೆನ್ನೂ ಆಗಾಗ ಕಟ್ಟಿಕೊಳ್ಳುತ್ತದೆ.
– ಓದುಗರು, ಖಾನಾಪುರ

ಉತ್ತರ: ನಿಮ್ಮ ಕಡೆಯ ಮಳೆಗೆ ಸಾಧಾರಣ ಡ್ರಾಯಿಂಗ್ ಶೀಟು ತೇವ ಹೀರಿ ಸಡಿಲವಾಗುತ್ತದೆ, ಇಂಕು ಅದರ ನಾರಿನಗುಂಟ ಓಡುತ್ತದೆ. ನುಣುಪಾದ ಬ್ರಿಸ್ಟಲ್ ಬೋರ್ಡು, 250 ಜಿಎಸ್ಎಂ, ತನ್ನಿ. ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಬೇಕಾದ ಒಂದನ್ನಷ್ಟೇ ಹೊರತೆಗೆಯಿರಿ. ಅಂಗೈ ಕೆಳಗೆ ಬೇರೆ ಕಾಗದ ಇರಲಿ, ಬೆವರಿನ ಎಣ್ಣೆ ತಗುಲಿದ ಕಡೆ ಇಂಕು ಹಿಡಿಯದು. ಪೆನ್ಸಿಲ್ ಎಚ್‌ಬಿ, ಹಗುರ ಕೈ. 2ಎಚ್‌ನಿಂದ ಒತ್ತಿದರೆ ಕಾಗದದಲ್ಲಿ ಕಾಲುವೆ ಬಿದ್ದು ಇಂಕು ಅದರಲ್ಲೇ ಹರಿಯುತ್ತದೆ. ರಬ್ಬರನ್ನು ಮರುದಿನ ಬೆಳಿಗ್ಗೆ ಹಾಕಿ. ಅವಸರ ಮಾಡಿದರೆ ಕಪ್ಪು ಗೆರೆ ಬೂದಿಯಾಗುತ್ತದೆ.

ಪೆನ್ನು ಕಟ್ಟಿಕೊಳ್ಳುವುದಕ್ಕೆ ಮುಖ್ಯ ಕಾರಣ ಇಂಕಿನ ಆಯ್ಕೆ. ಅರಗು ಬೆರೆತ ಇಂಡಿಯನ್ ಇಂಕನ್ನು ಅದ್ದಿ ಬರೆಯುವ ನಿಬ್ಬಿಗಷ್ಟೇ ಬಳಸಿ. ಕೊಳವೆ ತುದಿಯ ಟೆಕ್ನಿಕಲ್ ಪೆನ್ನಿಗೆ ಅದರದೇ ಇಂಕು ಬೇಕು. ವಾರಕ್ಕೊಮ್ಮೆ ಬಿಚ್ಚಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕೊಳವೆಯೊಳಗಿನ ಸಣ್ಣ ತಂತಿಯನ್ನು ಹೊರಗೆಳೆಯಬೇಡಿ, ಒಮ್ಮೆ ಬಾಗಿತೆಂದರೆ ಪೆನ್ನು ಹೋದಂತೆ. ಮುದ್ರಣದ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ, 0.5ರ ಪೆನ್ನಿನಲ್ಲಿ ಬರೆದರೆ ಅಚ್ಚಿನಲ್ಲಿ 0.33 ಮಿ.ಮೀ. ಗೆರೆ ಸಿಗುತ್ತದೆ, ಕೈಯ ಸಣ್ಣ ನಡುಕವೂ ಮುಚ್ಚಿಹೋಗುತ್ತದೆ.

ಪ್ರಶ್ನೆ: ಇಳಕಲ್ ಸೀರೆ ಉಟ್ಟ ಅಜ್ಜಿ ನನ್ನ ಪಾತ್ರ. ದಡಿ, ಸೆರಗು ಬರೆದ ಮೇಲೆ ಚಿತ್ರ ಕಪ್ಪು ಕಪ್ಪಾಗತದ.
– ಓದುಗರು, ಹುನಗುಂದ

ಉತ್ತರ: ಕಪ್ಪಿನಲ್ಲಿ ಹೊರಗೆರೆ ಮತ್ತು ನಾಲ್ಕೈದು ನಿರಿಗೆ ಮಾತ್ರ ಇರಲಿ. ಅದನ್ನು 600 ಡಿಪಿಐಗೆ ಸ್ಕ್ಯಾನ್ ಮಾಡಿ, ದಡಿಯ ವಿನ್ಯಾಸ ಮತ್ತು ತೋಪ್ ತೆನಿ ಸೆರಗಿನ ಬಿಳಿಯನ್ನು ಕಂಪ್ಯೂಟರಿನಲ್ಲಿ ಕೆಳಗಿನ ಬಣ್ಣದ ಪದರದಲ್ಲಿ ಬರೆಯಿರಿ. ದಡಿಯ ಗೆರೆ ಸೀರೆಯ ಬಣ್ಣಕ್ಕಿಂತ ಒಂದು ಛಾಯೆ ಗಾಢವಾಗಿದ್ದರೆ ಸಾಕು. ನಿರಿಗೆ ಮಡಚಿದಲ್ಲಿ ವಿನ್ಯಾಸವೂ ಮುರಿಯಬೇಕು, ಇಲ್ಲದಿದ್ದರೆ ಅಜ್ಜಿ ರಟ್ಟು ಉಟ್ಟಂತೆ ಕಾಣುತ್ತಾಳೆ. ಬಣ್ಣ ತುಂಬುವಾಗ ಅದನ್ನು ಕಪ್ಪು ಗೆರೆಯ ಅಡಿಗೆ ಎರಡು ಮೂರು ಪಿಕ್ಸೆಲ್ ನುಗ್ಗಿಸಿ. ಪ್ರೆಸ್‌ನಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ಆಗ ಬಿಳಿ ಅಂಚು ಇಣುಕುವುದಿಲ್ಲ. ಗೆರೆಗೆ ಬರೀ ಕಪ್ಪು ಇಂಕು, ಶೇ. 100 ಎಂದು ಪ್ರೆಸ್‌ನವರಿಗೆ ಹೇಳಿ. ನಾಲ್ಕೂ ಬಣ್ಣ ಬೆರೆಸಿದ ಕಪ್ಪಾದರೆ ಗೆರೆಯ ಪಕ್ಕ ನೀಲಿ, ಕೆಂಪು ನೆರಳು ಬೀಳುತ್ತದೆ.