2023ರ ಬರದಿಂದ ವಿಜಯಪುರದ ರೈತರಿಗೆ ಸರ್ಕಾರದ ಮೇಲಿನ ವಿಶ್ವಾಸ ಕುಗ್ಗಿತೇ? ಸಮೀಕ್ಷೆಯಿಂದ ತಿಳಿಯಲು ಸಾಧ್ಯವೇ?

ಎಂ.ಎ. ಪ್ರಬಂಧಕ್ಕೆ ಈ ವಿಷಯ ಆರಿಸಿಕೊಂಡಿದ್ದೀರಿ. ಈಗಾಗಲೇ ಇರುವ ದತ್ತಾಂಶ ಸಾಕೋ, ಊರೂರು ತಿರುಗಬೇಕೋ ಎಂದು ಕೇಳಿದ್ದೀರಿ. ತಿರುಗಲೇಬೇಕು. ಇಂಡಿ, ಸಿಂದಗಿ ಕಡೆಯ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದವನಾಗಿ ಹೇಳುತ್ತಿದ್ದೇನೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2019ರ 77ನೇ ಸುತ್ತಿನಲ್ಲಿ ಕೃಷಿ ಕುಟುಂಬಗಳ ಆದಾಯ, ಸಾಲದ ವಿವರ ಸಿಗುತ್ತದೆ. ಆದರೆ ಅದರ ಮಾದರಿ ರಾಜ್ಯದ ಲೆಕ್ಕಕ್ಕೆ ರೂಪಿಸಿದ್ದು, ಒಂದು ಜಿಲ್ಲೆಯ ಬಗ್ಗೆ ತೀರ್ಮಾನ ಕೊಡಲು ಸಾಲದು. ನಿಮ್ಮ ಹಿನ್ನೆಲೆ ಅಧ್ಯಾಯಕ್ಕೆ ಒಣಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಗ್ರಾಮ ಅಧ್ಯಯನವನ್ನು ತಪ್ಪದೆ ಓದಿ. 2009ರಿಂದ ಕೆಲವು ವರ್ಷ ನಮ್ಮದೇ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿಗಳ ಅವೇ ಕುಟುಂಬಗಳ ಬೆಳೆ, ಕೂಲಿ, ಖರ್ಚನ್ನು ಮತ್ತೆ ಮತ್ತೆ ಬರೆದುಕೊಂಡಿದ್ದಾರೆ. ಹಳೆಯ ದತ್ತಾಂಶ ಜೋಡಿಸುವಾಗ ಒಂದು ಎಚ್ಚರ: 2014ಕ್ಕೆ ಮೊದಲು ಜಿಲ್ಲೆಯ ಹೆಸರು ಬಿಜಾಪುರ, ಛತ್ತೀಸಗಡದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ. 2011ರ ಜನಗಣತಿಯಲ್ಲಿ ನಮ್ಮಲ್ಲಿ ಐದೇ ತಾಲ್ಲೂಕು. ತಿಕೋಟಾ, ಚಡಚಣ, ಕೊಲ್ಹಾರ ಎಲ್ಲ ಆಮೇಲೆ ಆದವು.

ಇನ್ನು ಬರವನ್ನು ಅಳೆಯುವ ಮಾತು. ‘ಬರಪೀಡಿತ ತಾಲ್ಲೂಕು’ ಎಂಬ ಸರ್ಕಾರಿ ಘೋಷಣೆಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಆ ಪಟ್ಟಿಯಲ್ಲಿದ್ದವು. ಹೋಲಿಸಲು ಯಾರು ಉಳಿದರು? ‘ನಿಮಗೆ ಬರ ತಟ್ಟಿತೇ?’ ಎಂದು ಕೇಳಿಯೂ ಪ್ರಯೋಜನವಿಲ್ಲ. ಕೈಯಲ್ಲಿ ಕಾಗದ ಹಿಡಿದು ಬಂದವರು ಪರಿಹಾರದ ಪಟ್ಟಿ ಮಾಡುವವರೇ ಎಂದು ಜನ ತಿಳಿಯುತ್ತಾರೆ, ತಿಳಿಯುವುದು ಸಹಜವೂ ಹೌದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಆ ಅಂಕಿ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೊತ್ತಕ್ಕೇ ನಿಲ್ಲಬೇಡಿ. ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದ ಬಿಳಿಜೋಳ, ಕಡಲೆ ನಿಂತಿರುವುದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಬೀಳುವ ಉತ್ತರಿ, ಹಸ್ತ ಮಳೆಗಳ ಮೇಲೆ. ರೈತರಿಗೂ ತಿಂಗಳ ಲೆಕ್ಕಕ್ಕಿಂತ ‘ಹಸ್ತಿ ಮಳಿ ಆಗಿತ್ತೇನ್ರಿ?’ ಎಂದು ಕೇಳಿದರೆ ಚೆನ್ನಾಗಿ ನೆನಪಾಗುತ್ತದೆ.

ನನಗೆ ಎಲ್ಲಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ಎರಡು ಸಾವಿರ ರೂಪಾಯಿ. ‘ಬರಗಾಲದಾಗ ಸರ್ಕಾರದಿಂದ ಏನರ ಬಂತೇನ್ರಿ?’ ಎಂದರೆ ‘ಎರಡ ಸಾವಿರ ಬಂತ್ರಿ’ ಎನ್ನುತ್ತಾರೆ. ಯಾವ ಎರಡು ಸಾವಿರ? ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ ಕೊನೆಗೆ, ತಿಂಗಳಿಗೆ 2,000. ಪಿಎಂ ಕಿಸಾನ್ ಕಂತೂ 2,000. ರಾಜ್ಯ ಸರ್ಕಾರ 2024ರ ಆರಂಭದಲ್ಲಿ ಕೊಟ್ಟ ಬರ ಪರಿಹಾರದ ಮೊದಲ ಕಂತೂ ಗರಿಷ್ಠ 2,000. ಒಂದು ಕೇಂದ್ರದ್ದು, ಎರಡು ರಾಜ್ಯದ್ದು. ರಾಜ್ಯದ ಆ ಎರಡರಲ್ಲೂ ಒಂದು ಮಾತ್ರ ಬರಕ್ಕೆ ಸಂಬಂಧಿಸಿದ್ದು. ಇದನ್ನು ಬಿಡಿಸಿಕೊಳ್ಳದೆ ‘ಪರಿಹಾರ ಸಿಕ್ಕವರಿಗೆ ವಿಶ್ವಾಸ ಹೆಚ್ಚು’ ಎಂದು ಬರೆದರೆ ಅದು ಗೃಹಲಕ್ಷ್ಮಿಯ ಫಲವಾಗಿರಬಹುದು. ಅವರು ಒಪ್ಪಿದರೆ ಪಾಸ್‌ಬುಕ್ ನೋಡಿ, ಯಾವ ತಿಂಗಳು, ಯಾರ ಖಾತೆ ಎಂದು ಬರೆದುಕೊಳ್ಳಿ. ಗೃಹಲಕ್ಷ್ಮಿ ಹೆಣ್ಣುಮಕ್ಕಳ ಖಾತೆಗೆ, ಉಳಿದೆರಡು ಹೊಲ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ. ಹಾಗಾಗಿ ಕಟ್ಟೆಯ ಮೇಲೆ ಕೂತ ಗಂಡಸರನ್ನಷ್ಟೇ ಕೇಳಿ ಬಂದರೆ ಅರ್ಧ ಉತ್ತರ ಮನೆಯೊಳಗೇ ಉಳಿಯುತ್ತದೆ. ಪರಿಹಾರದ ಹಣಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಕೇಂದ್ರದ ಹಣ ಬಂದದ್ದು 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ನಡುವೆ. ಆದ್ದರಿಂದ ‘ಸರ್ಕಾರ’ ಎಂದು ಒಟ್ಟಾಗಿ ಕೇಳದೆ ಪಂಚಾಯಿತಿ, ರಾಜ್ಯ, ಕೇಂದ್ರ ಎಂದು ಬೇರೆ ಬೇರೆ ಕೇಳಿ.

ವಿಶ್ವಾಸದ ಪ್ರಶ್ನೆಗಳು ಮೊದಲು ಬರಲಿ, ಬರದ ಪ್ರಸ್ತಾಪ ಕೊನೆಗೆ. ಬೆಳೆ ಒಣಗಿದ ನೋವನ್ನು ಕೆದಕಿ ಆಮೇಲೆ ಸರ್ಕಾರ ಹೇಗಿದೆ ಎಂದರೆ ಆ ನೋವೇ ಉತ್ತರ ಕೊಡುತ್ತದೆ.

ನಿಮ್ಮ ಶೀರ್ಷಿಕೆಯ ‘ಕುಗ್ಗಿತೇ’ ಎಂಬುದನ್ನು ಮಾತ್ರ ಕೈಬಿಡಬೇಕಾದೀತು. ಆಗ ಏನನ್ನಿಸಿತ್ತು ಎಂದು ಈಗ ಕೇಳಿದರೆ ಬರುವುದು ಈಗಿನ ಅನ್ನಿಸಿಕೆ. ಅದರ ಬದಲು ಒಣಬೇಸಾಯದ ಹಳ್ಳಿಗಳಲ್ಲೇ ಮಳೆ ಹೆಚ್ಚು ಕೈಕೊಟ್ಟವನ್ನೂ ಕಡಿಮೆ ಕೈಕೊಟ್ಟವನ್ನೂ ಹೋಲಿಸಿ. ಮುಳವಾಡ ಏತ ನೀರಾವರಿಯ ನೀರು ಕಂಡ ಊರುಗಳನ್ನು ಅವುಗಳ ಜತೆ ಬೆರೆಸಬೇಡಿ, ಅಲ್ಲಿಯ ಬದುಕೇ ಬೇರೆ.

ಹೋಗುವ ಕಾಲವೂ ಮುಖ್ಯ. ದೀಪಾವಳಿ ಕಳೆದ ಮೇಲೆ ತಾಂಡಾಗಳಿಗೆ ಹೋದರೆ ಸಾಲುಸಾಲು ಮನೆಗೆ ಬೀಗ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗಿರುತ್ತಾರೆ. ಬರ ಹೆಚ್ಚು ತಟ್ಟಿದವರು ಬಹುಪಾಲು ಅವರೇ. ಬೀಗ ಇದ್ದ ಮನೆ ಬಿಟ್ಟು ಪಕ್ಕದ ಮನೆಗೆ ಹೋಗುವುದು ಸುಲಭ, ಆದರೆ ಆಗ ನೀವು ಎಣಿಸುವುದು ಊರಲ್ಲಿ ಉಳಿಯಲು ಶಕ್ತರಾದವರನ್ನು ಮಾತ್ರ. ಪ್ರತಿ ಬೀಗವನ್ನೂ ಬರೆದುಕೊಳ್ಳಿ, ನೆರೆಯವರಿಂದ ಫೋನ್ ನಂಬರ್ ಪಡೆದು ಮಾತಾಡಿಸಿ. ಆಗದಿದ್ದರೆ ಕಬ್ಬಿನ ಹಂಗಾಮು ಮುಗಿದು ಅವರು ಊರಿಗೆ ಮರಳಿದ ಮೇಲೆ, ಮುಂಗಾರು ಬಿತ್ತನೆಗೆ ಮುಂಚೆ ಇನ್ನೊಮ್ಮೆ ಹೋಗಿ.