ಚಳಿಗೆ ರೂಪ್‌ಚಂದ್ ಸತ್ತವು, ಗೆಂಡೆ ಉಳಿದವು. ಇದು ಜೀನ್‌ನಲ್ಲೇ ಇದೆಯಾ?

ನೀವು ಕೇಳಿದ್ದು ಇಷ್ಟು: ಭಾಲ್ಕಿ ಕಡೆ ನಿಮ್ಮ ಕೃಷಿ ಹೊಂಡದಲ್ಲಿ ರೂಪ್‌ಚಂದ್ ಮತ್ತು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನು ಎರಡನ್ನೂ ಬಿಟ್ಟಿದ್ದಿರಿ. ಎಳ್ಳ ಅಮಾವಾಸ್ಯೆ ಹೊತ್ತಿಗೆ ರೂಪ್‌ಚಂದ್ ಬಹುಪಾಲು ಸತ್ತವು, ಗೆಂಡೆಗೆ ಏನೂ ಆಗಲಿಲ್ಲ. ಚಳಿ ತಡೆಯುವ ಶಕ್ತಿ ಜೀನ್‌ನಲ್ಲಿ ಇರುತ್ತದಾ? ಉಳಿದ ನಾಲ್ಕಾರು ರೂಪ್‌ಚಂದನ್ನೇ ಮರಿ ಮಾಡಿಸಿದರೆ ಬೀದರ್ ಚಳಿಗೆ ಒಗ್ಗುವ ತಳಿ ಸಿಗುತ್ತದಾ?

ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ, ನಿಮ್ಮ ಹೊಂಡದ ಮಟ್ಟಿಗೆ, ಇಲ್ಲ. ಜೀನ್‌ನಲ್ಲಿ ಇದೆ ಅಂದಮೇಲೆ ಆರಿಸಿ ಬೆಳೆಸೋಕೆ ಏನು ಅಡ್ಡಿ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಮೀನುಗಾರಿಕೆ ಓದಿದವನು, ಈಗ ಈ ಭಾಗದ ಹೊಂಡಗಳಿಗೆ ಮೀನುಮರಿ ಕೊಡುವ ಕೆಲಸದಲ್ಲಿದ್ದೇನೆ. ಹಾಗಾಗಿ ಇದರಲ್ಲಿ ಓದಿದ್ದು ಅರ್ಧ, ದಂಡೆ ಮೇಲೆ ನಿಂತು ನೋಡಿದ್ದು ಅರ್ಧ.

ಚಳಿ ತಡೆಯುವ ಮೀನು ಅಂದ ತಕ್ಷಣ ಯೂಟ್ಯೂಬಿನಲ್ಲಿ ಅಂಟಾರ್ಕ್ಟಿಕಾ ಮೀನು ತೋರಿಸುತ್ತಾರೆ. ಅದರ ರಕ್ತದಲ್ಲಿ ಮಂಜು ಕಟ್ಟದಂತೆ ತಡೆಯುವ ಪ್ರೋಟೀನ್ ಇದೆ, ಅದಕ್ಕೊಂದು ಜೀನ್ ಇದೆ. ನಿಜವೇ, ಆದರೆ ಅದು ಸಮುದ್ರದ ಕತೆ. ಸಮುದ್ರದ ಉಪ್ಪುನೀರು ಮೈನಸ್ 1.9 ಡಿಗ್ರಿವರೆಗೂ ಗಡ್ಡೆ ಕಟ್ಟುವುದಿಲ್ಲ. ಸಾಮಾನ್ಯ ಮೀನಿನ ರಕ್ತ ಮೈನಸ್ 0.7ರ ಆಸುಪಾಸಿನಲ್ಲೇ ಕಟ್ಟುತ್ತದೆ. ಅದಕ್ಕೇ ಅಲ್ಲಿನ ಮೀನಿಗೆ ಆ ಪ್ರೋಟೀನ್ ಬೇಕು. ಸಿಹಿನೀರು ಸೊನ್ನೆಗೇ ಗಡ್ಡೆ ಆಗುತ್ತದೆ. ಅದರ ಕೆಳಗೆ ಉಳಿದ ನೀರು ಮೀನಿನ ರಕ್ತ ಗಡ್ಡೆ ಕಟ್ಟುವಷ್ಟು ತಣ್ಣಗಾಗುವುದೇ ಇಲ್ಲ. ಇನ್ನು ನಮ್ಮ ಬೀದರಿನಲ್ಲಿ ಹೊರಗೆ ಗಾಳಿ ಒಂಬತ್ತು ಹತ್ತಕ್ಕೆ ಬಂದರೂ ನೀರು ಅಷ್ಟು ಇಳಿಯುವುದಿಲ್ಲ. ಪ್ಲಾಸ್ಟಿಕ್ ಹಾಸಿದ ತೆಳು ನೀರಿನ ಹೊಂಡದಲ್ಲಿ ಬೆಳಗಿನ ಜಾವ ಹದಿನೈದು ಹದಿನಾರಕ್ಕೆ ಬಂದಿರುತ್ತದೆ. ಆ ನೀರಿನಲ್ಲಿ ನಿಮ್ಮ ಮೀನು ಸತ್ತವು.

ಹಾಗಾದರೆ ಸಾಯಿಸಿದ್ದು ಏನು? ಶುರುವಾಗುವುದು ಜೀವಕೋಶದ ಪೊರೆಯಿಂದ. ಆ ಪೊರೆ ಮುಖ್ಯವಾಗಿ ಕೊಬ್ಬಿನಿಂದ ಆದದ್ದು. ಡಿಸೆಂಬರಿನಲ್ಲಿ ನಿಮ್ಮನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ಪಕ್ಕದಲ್ಲಿರುವ ಕುಸುಬಿ ಎಣ್ಣೆ ಸಲೀಸಾಗಿ ಸುರಿಯುತ್ತದೆ, ಅಲ್ವಾ? ಕೊಬ್ಬರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ. ಅದರ ಎಳೆಗಳು ನೆಟ್ಟಗಿರುತ್ತವೆ, ಒತ್ತೊತ್ತಾಗಿ ಕೂರುತ್ತವೆ. ಕುಸುಬಿಯ ಎಳೆಗಳು ನಡುವೆ ಸೊಟ್ಟಗೆ ಬಾಗಿರುತ್ತವೆ, ಒತ್ತಿ ಕೂರಲು ಆಗುವುದಿಲ್ಲ. ಮೀನಿನ ಪೊರೆಯಲ್ಲಿ ನಡೆಯುವುದೂ ಇದೇ ರಸಾಯನ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ, ನೀರು ಎಷ್ಟೋ ಮೈಯೂ ಅಷ್ಟೇ. ನೀರು ತಣ್ಣಗಾದರೆ ಪೊರೆ ಬಿಗಿಯಾಗುತ್ತದೆ. ಅದರೊಳಗೆ ಕೂತು ಉಪ್ಪು ಒಳಗೆ ಹೊರಗೆ ಮಾಡುವ ಪ್ರೋಟೀನ್‌ಗಳು ನಿಧಾನವಾಗುತ್ತವೆ. ಕಿವಿರಿನಲ್ಲಿ ಉಪ್ಪಿನ ಲೆಕ್ಕ ತಪ್ಪುತ್ತದೆ. ನರದ ಸಂಕೇತ ತಡವರಿಸುತ್ತದೆ, ಮೀನು ಒಂದು ಪಕ್ಕಕ್ಕೆ ವಾಲುತ್ತದೆ. ಪ್ರಯೋಗಾಲಯದಲ್ಲೂ ಇದನ್ನೇ ಅಳತೆ ಮಾಡುತ್ತಾರೆ. ನೀರನ್ನು ನಿಧಾನವಾಗಿ ತಂಪು ಮಾಡುತ್ತಾ ಹೋಗಿ, ಮೀನು ಯಾವ ಡಿಗ್ರಿಗೆ ಸಮತೋಲ ತಪ್ಪುತ್ತದೆ ಅಂತ ನೋಡುತ್ತಾರೆ.

ಗೆಂಡೆಗೆ ಇಲ್ಲೊಂದು ಉಪಾಯ ಇದೆ. ಡೆಸಾಚುರೇಸ್ ಅನ್ನುವ ಕಿಣ್ವ ನೆಟ್ಟಗಿನ ಕೊಬ್ಬಿನ ಎಳೆಗೆ ಒಂದು ಬಾಗು ಕೊಡುತ್ತದೆ. ಗೆಂಡೆಯ ನೀರು ತಣ್ಣಗಾದಾಗ ಮೊದಲು ಮೈಯಲ್ಲಿ ಸುಮ್ನೆ ಕೂತಿದ್ದ ಕಿಣ್ವ ಎಚ್ಚರವಾಗುತ್ತದೆ. ಆಮೇಲೆ ಎರಡು ಮೂರು ದಿನದೊಳಗೆ ಜೀನ್ ಜೋರಾಗಿ ಕೆಲಸ ಶುರು ಮಾಡಿ ಹೊಸ ಕಿಣ್ವ ಮಾಡಿಸುತ್ತದೆ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಆಂಡ್ರೂ ಕಾಸಿನ್ಸ್ ಅವರ ತಂಡ 1996ರಲ್ಲಿ ಇದನ್ನು ತೋರಿಸಿತು. ನನಗೆ ತುಂಬಾ ಹಿಡಿಸಿದ್ದು ಆಮೇಲೆ ಅವರು ಕಂಡುಕೊಂಡ ವಿಷಯ: ಗೆಂಡೆಯ ಯಕೃತ್ತಿನಲ್ಲಿ ಈ ಕಿಣ್ವಕ್ಕೆ ಎರಡು ಜೀನ್ ಇವೆ. ಒಂದು ತಿನ್ನುವ ಮೇವು ಬದಲಾದರೆ ಏಳುತ್ತದೆ, ಇನ್ನೊಂದು ಚಳಿ ಬಂದರೆ ಏಳುತ್ತದೆ.

ಆದರೆ ಇದೊಂದೇ ಜೀನ್ ಅಂದುಕೊಳ್ಳಬೇಡಿ. ಅದೇ ಬಳಗದವರು 2004ರಲ್ಲಿ ಗೆಂಡೆಗಳನ್ನು 30 ಡಿಗ್ರಿಯಿಂದ 10 ಡಿಗ್ರಿವರೆಗೆ ತಂಪು ಮಾಡಿ, ಮಿದುಳು, ಹೃದಯ, ಕಿವಿರು, ಸ್ನಾಯು ಹೀಗೆ ಏಳು ಅಂಗಗಳಲ್ಲಿ ಯಾವ ಜೀನ್ ಏರಿತು ಯಾವುದು ಇಳಿಯಿತು ಅಂತ ನೋಡಿದರು. ಸಾವಿರಾರು ಜೀನ್ ಕುಣಿದಿದ್ದವು. ಎಲ್ಲ ಅಂಗದಲ್ಲೂ ಸಾಮಾನ್ಯವಾಗಿ ಬದಲಾದವು ಸ್ವಲ್ಪವೇ, ಉಳಿದಂತೆ ಒಂದೊಂದು ಅಂಗದ್ದು ಒಂದೊಂದು ರೀತಿ. ಸ್ನಾಯುವಿನಲ್ಲಂತೂ ಚಳಿಗೆ ಒಗ್ಗಿದ ಗೆಂಡೆ ಸ್ನಾಯು ಎಳೆಯುವ ಮಯೋಸಿನ್ ಪ್ರೋಟೀನಿನ ಬೇರೆ ಬಗೆಯನ್ನೇ ಬಳಸುತ್ತದೆ. ಬೇಸಿಗೆಗೆ ಒಂದು, ಚಳಿಗೆ ಒಂದು.

ಇದನ್ನು ಓದಿದ ಮೇಲೆ ಹೊಂಡದ ದಂಡೆಯಲ್ಲಿ ನಿಂತರೆ ಕಾಣುವುದೇ ಬೇರೆ. ಚಳಿ ಬೆಳಗಿನಲ್ಲಿ ಗೆಂಡೆ ಆಳದ ಮೂಲೆಯಲ್ಲಿ ಗುಂಪಾಗಿ ನಿಂತಿರುತ್ತದೆ. ಕಿವಿರು ಮುಚ್ಚಳ ನಿಧಾನ ಆಡುತ್ತಿರುತ್ತದೆ. ಕೈ ಬೀಸಿದರೆ ಸರಿದುಹೋಗುತ್ತದೆ. ರೂಪ್‌ಚಂದ್ ಪ್ಲಾಸ್ಟಿಕ್ ಹಾಳೆಗೆ ಒರಗಿ ಓರೆಯಾಗಿ ಬಿದ್ದಿರುತ್ತದೆ. ಎತ್ತಿ ನೋಡಿದರೆ ಬಾಲದ ಬುಡದಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಬೂಸ್ಟು. ತುಂಬ ಜನ ಈ ಬೂಸ್ಟನ್ನೇ ರೋಗ ಅಂದುಕೊಂಡು ಔಷಧಿ ಹುಡುಕುತ್ತಾರೆ. ಚಳಿಗೆ ಮೈಯ ಕಾವಲು ಸೋತ ಮೇಲೆ ಅದು ಹತ್ತುವುದು.

ಡೆಸಾಚುರೇಸ್ ಜೀನ್ ರೂಪ್‌ಚಂದ್‌ನಲ್ಲೂ ಇದೆ. ನಿಮ್ಮಲ್ಲೂ ನನ್ನಲ್ಲೂ ಇದೆ. ಜೀನ್ ಇದ್ದರಷ್ಟೇ ಸಾಲದು, ಅಷ್ಟೊಂದು ಜೀನ್‌ಗಳು ಒಟ್ಟಿಗೆ ಎಷ್ಟು ಕೆಳಗಿನವರೆಗೆ ಹೊಂದಿಕೊಳ್ಳಬಲ್ಲವು ಅನ್ನುವುದು ಮುಖ್ಯ. ಅದು ಆ ಮೀನಿನ ಪೂರ್ವಜರು ಯಾವ ನೀರು ಕಂಡಿದ್ದರು ಅನ್ನುವುದರ ಮೇಲೆ ನಿಂತಿದೆ. ರೂಪ್‌ಚಂದ್ ಅಮೆಜಾನ್, ಒರಿನೋಕೊ ನದಿಗಳ ಕಡೆಯದು, ವರ್ಷವಿಡೀ ಬೆಚ್ಚನೆ ನೀರು. ಗೆಂಡೆ ಯುರೋಪಿನಿಂದ ಹಿಡಿದು ಚೀನಾ–ರಷ್ಯಾ ಗಡಿಯ ಅಮೂರ್ ನದಿವರೆಗೆ ಹಬ್ಬಿದ್ದು. ಮಂಜುಗಡ್ಡೆ ಕೆಳಗೆ ಚಳಿಗಾಲ ಕಳೆದು, ಬೇಸಿಗೆಯಲ್ಲಿ ಬಿಸಿನೀರಲ್ಲಿ ಬೆಳೆದ ವಂಶ. ನಮ್ಮ ಕಾಟ್ಲಾ, ರೋಹು, ಮೃಗಾಲ್ ಇವೆರಡರ ನಡುವೆ ಬರುತ್ತವೆ. ಗಂಗಾ ಬಯಲಿನ ಚಳಿ ಕಂಡವು, ಹಾಗಾಗಿ ಬೀದರಿನಲ್ಲಿ ಮೇವು ಬಿಡುತ್ತವೆ, ಬೆಳೆಯುವುದಿಲ್ಲ, ಆದರೆ ಸಾಯುವುದು ಅಪರೂಪ.

ಗೆಂಡೆಗೆ 100 ವರ್ಣತಂತು (ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್), ರೋಹು ಕಾಟ್ಲಾಗೆ 50. ಗೆಂಡೆಯ ಪೂರ್ವಜರಲ್ಲಿ ಜೀನೋಮ್, ಅಂದರೆ ಜೀನ್‌ಗಳ ಇಡೀ ಗಂಟು, ಎರಡು ಪಟ್ಟಾಗಿದೆ. ಹೆಚ್ಚುವರಿ ನಕಲು ಇರುವುದರಿಂದಲೇ ಚಳಿ ತಡೆಯುತ್ತದೆ ಅಂತ ಕೆಲವರು ಸಲೀಸಾಗಿ ಹೇಳಿಬಿಡುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ನಕಲು ಇದ್ದರೆ ಒಂದನ್ನು ಹೊಸ ಕೆಲಸಕ್ಕೆ ಬಿಡಬಹುದು, ನಿಜ. ಚಳಿಯ ಪೂರ್ತಿ ಲೆಕ್ಕ ಅದರಲ್ಲಿ ಮುಗಿಯುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಬದುಕಿದವನ್ನೇ ಮರಿ ಮಾಡಿಸಿದರೆ?

ಇದನ್ನು ಜಿಲೇಬಿ ಮೀನಿನಲ್ಲಿ, ಅಂದರೆ ತಿಲಾಪಿಯಾದಲ್ಲಿ, ಚೆನ್ನಾಗಿ ನೋಡಿದ್ದಾರೆ. ಅದೂ ಬಿಸಿನಾಡಿನ ಮೀನೇ. ಆ ಕುಲದಲ್ಲಿ ನೀಲಿ ತಿಲಾಪಿಯಾ ಉಳಿದವಕ್ಕಿಂತ ಚಳಿ ಜಾಸ್ತಿ ತಡೆಯುತ್ತದೆ. ಇದು ಜಾತಿಯ ಗುಣ. ಆದರೆ ಒಂದೇ ಜಾತಿಯೊಳಗೆ? ನೈಲ್ ತಿಲಾಪಿಯಾದ ಮರಿಗಳ ಮೇಲೆ 2005ರಲ್ಲಿ ಬಂದ ಅಧ್ಯಯನದಲ್ಲಿ ಚಳಿ ತಡೆಯುವ ಗುಣದ ಅನುವಂಶಿಕತೆ 0.08 ಬಂತು. ಬಿಡಿಸಿ ಹೇಳಿದರೆ, ಒಂದು ಮರಿ ಬೇಗ ಸತ್ತು ಇನ್ನೊಂದು ತಡವಾಗಿ ಸಾಯುವ ವ್ಯತ್ಯಾಸದಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ ತಂದೆತಾಯಿಯಿಂದ ಮರಿಗೆ ದಾಟುವಂಥದ್ದು. ಉಳಿದದ್ದು ಬೇರೆ ಕಾರಣ. ಅದರಲ್ಲಿ ದೊಡ್ಡದು ಮೀನಿನ ಗಾತ್ರ. ದಪ್ಪ ಮರಿ ಜಾಸ್ತಿ ತಡೆದುಕೊಂಡಿತ್ತು.

ನಿಮ್ಮ ಹೊಂಡಕ್ಕೆ ಇದನ್ನು ತಂದು ನೋಡಿ. ಉಳಿದ ನಾಲ್ಕಾರು ರೂಪ್‌ಚಂದ್ ಯಾಕೆ ಉಳಿದವು? ಒಳ್ಳೆ ಜೀನ್ ಇರಬಹುದು. ಅದಕ್ಕಿಂತ ಹೆಚ್ಚಾಗಿ, ಅವು ಅಕ್ಟೋಬರಿನಲ್ಲೇ ಉಳಿದವಕ್ಕಿಂತ ದಪ್ಪ ಇದ್ದಿರಬಹುದು, ಆಳದ ಮೂಲೆ ಅವಕ್ಕೇ ಸಿಕ್ಕಿರಬಹುದು. ಅವುಗಳ ಮರಿಗೆ ಆ ದಪ್ಪ ಪೂರ್ತಿ ದಾಟಲ್ಲ, ಮೂಲೆಯಂತೂ ದಾಟುವುದೇ ಇಲ್ಲ. ಅದರ ಮೇಲೆ ರೂಪ್‌ಚಂದ್ ಹೊಂಡದಲ್ಲಿ ತಾನಾಗಿ ಮರಿ ಮಾಡುವುದಿಲ್ಲ, ಹ್ಯಾಚರಿಯಲ್ಲಿ ಹಾರ್ಮೋನ್ ಇಂಜೆಕ್ಷನ್ ಕೊಡಬೇಕು. ನಾಲ್ಕಾರು ಮೀನಿನಿಂದ ತಳಿ ಮಾಡಲು ಹೊರಟರೆ ಎರಡು ಮೂರು ತಲೆಮಾರಿಗೆ ಅಣ್ಣತಂಗಿ ಸಂಬಂಧವೇ ಆಗಿ ಬೆಳವಣಿಗೆ ಕುಂಠಿತವಾಗುತ್ತದೆ.

ಹಾಗಂತ ಆಯ್ಕೆಯಿಂದ ಚಳಿ ತಡೆಯುವ ಶಕ್ತಿ ಬರುವುದೇ ಇಲ್ಲ ಅಂತ ಅಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಮುದ್ರದ ಸ್ಟಿಕಲ್‌ಬ್ಯಾಕ್ ಮೀನನ್ನು ಸಿಹಿನೀರಿನ ಕೊಳಗಳಿಗೆ ಬಿಟ್ಟರು. ಮೂರೇ ತಲೆಮಾರಿನಲ್ಲಿ ಅವು ಮೊದಲಿಗಿಂತ ಸುಮಾರು 2.5 ಡಿಗ್ರಿ ಕಡಿಮೆ ನೀರನ್ನು ತಡೆಯುವಂತಾದವು. 2011ರಲ್ಲಿ ಅದು ಪ್ರಕಟವಾಯಿತು. ಆದರೆ ಅದು ಕಾಡುಮೀನು. ಅದರ ಬಳಗದ್ದೇ ಮೀನುಗಳು ಹಿಂದಿನಿಂದಲೂ ಕೆರೆಗಳಿಗೆ ನುಗ್ಗಿ ಒಗ್ಗಿಕೊಂಡಿವೆ. ಆರಿಸಲು ಬೇಕಾದ ವೈವಿಧ್ಯ ಮೊದಲೇ ಅದರೊಳಗೆ ಇದ್ದಿರಬೇಕು. ಹ್ಯಾಚರಿಯ ರೂಪ್‌ಚಂದ್ ಮರಿಯಲ್ಲಿ ಅಷ್ಟು ಬಂಡವಾಳ ಎಲ್ಲಿಂದ ಬರಬೇಕು?

ಬಂಡವಾಳ ಹೊರಗಿನಿಂದ ತಂದು ಗೆದ್ದವರೂ ಇದ್ದಾರೆ. ಸೋವಿಯತ್ ಕಾಲದಲ್ಲಿ ಕಿರ್ಪಿಚ್ನಿಕೋವ್ ಅನ್ನುವ ತಳಿವಿಜ್ಞಾನಿ ಪೂರ್ವ ಯುರೋಪಿನ ಗಲಿಷಿಯಾದ ಸಾಕಿದ ಗೆಂಡೆಯನ್ನು ಅಮೂರ್ ನದಿಯ ಕಾಡು ಗೆಂಡೆ ಜೊತೆ ಕೂಡಿಸಿ, ದಶಕಗಟ್ಟಲೆ ಆರಿಸುತ್ತಾ ಹೋಗಿ, ಲೆನಿನ್‌ಗ್ರಾಡ್ ಹತ್ತಿರದ ರೋಪ್ಶಾ ಹೆಸರಿನ ತಳಿ ಮಾಡಿದರು. ಉತ್ತರ ರಷ್ಯಾದ ಚಳಿಗಾಲವನ್ನು ಅದು ಹೊಂಡದಲ್ಲೇ ಕಳೆಯುತ್ತದೆ. ಬೆಳೆಯುವ ಗುಣ ಒಂದು ಕಡೆಯಿಂದ, ಚಳಿ ತಡೆಯುವ ಗುಣ ಇನ್ನೊಂದು ಕಡೆಯಿಂದ. ಮಾಡಿದರೆ ಹೀಗೆ ಮಾಡಬೇಕು, ಒಬ್ಬ ರೈತನ ಹೊಂಡದಲ್ಲಿ ಆಗುವ ಕೆಲಸ ಅಲ್ಲ.

ಈ ಅಮೂರ್ ಗೆಂಡೆ ನಮ್ಮ ರಾಜ್ಯಕ್ಕೂ ಬಂದಿದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಂಗರಿಯಿಂದ ತಂದು ಬೆಂಗಳೂರಿನ ಹೆಸರಘಟ್ಟದ ಕೇಂದ್ರದಲ್ಲಿ ಬೆಳೆಸಿದರು. ಆ ಕೇಂದ್ರ ಇರುವುದು ನಮ್ಮ ಬೀದರಿನ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಅಡಿಯಲ್ಲೇ. ತಂದಿದ್ದು ಚಳಿಗಾಗಿ ಅಲ್ಲ. ಇಲ್ಲಿನ ಹಳೇ ಗೆಂಡೆ ಚಿಕ್ಕದಿದ್ದಾಗಲೇ ಮೊಟ್ಟೆಗೆ ಬಂದು ಬೆಳವಣಿಗೆ ನಿಲ್ಲಿಸುತ್ತಿತ್ತು, ಅಮೂರ್ ತಡವಾಗಿ ಬಲಿಯುತ್ತದೆ. ಆದರೂ ಬೀದರಿನವರಿಗೆ ಅದು ಎರಡು ಕಡೆಯಿಂದ ಲಾಭ ಅನ್ನುವುದು ನನ್ನ ಅಭಿಪ್ರಾಯ. ಮರಿ ತರುವಾಗ ಅಮೂರ್ ಅಂತಲೇ ಕೇಳಿ ತನ್ನಿ.

ಹೊಂಡದ ಮಟ್ಟಿಗೆ ನಾನು ಹೇಳುವುದು ಇಷ್ಟು. ಚಳಿಗಾಲಕ್ಕೆ ಮುಂಚೆ ನೀರು ತುಂಬಿಸಿ, ಒಂದು ಕಡೆಯಾದರೂ ಎಂಟು ಅಡಿ ಆಳ ಇರಲಿ. ತೆಳು ನೀರು ರಾತ್ರಿ ಬೇಗ ತಣ್ಣಗಾಗುತ್ತದೆ, ಜೀನ್ ಎಚ್ಚರವಾಗಲು ಬೇಕಾದ ಎರಡು ಮೂರು ದಿನವೂ ಮೀನಿಗೆ ಸಿಗುವುದಿಲ್ಲ. ನೀರು 20ಕ್ಕಿಂತ ಕೆಳಗಿದ್ದರೆ ಮೇವು ಅರ್ಧ ಮಾಡಿ, ಅದೂ ಮಧ್ಯಾಹ್ನದ ಮೇಲೆ ಹಾಕಿ. ಜನವರಿಯಲ್ಲಿ ಬಲೆ ಎಳೆಯಬೇಡಿ. ಚರ್ಮ ಕೆರೆದ ಮೀನಿಗೆ ಬೂಸ್ಟು ಬೇಗ ಹತ್ತುತ್ತದೆ. ರೂಪ್‌ಚಂದ್ ಬೇಕೇ ಬೇಕು ಅಂದರೆ ಹೋಳಿ ಹುಣ್ಣಿಮೆ ಆದ ಮೇಲೆ ದೊಡ್ಡ ಮರಿ ಬಿಟ್ಟು ದೀಪಾವಳಿಯೊಳಗೆ ಮಾರಿಬಿಡಿ. ಈಗ ಉಳಿದ ನಾಲ್ಕಾರನ್ನು ಮನೆಯಲ್ಲೇ ಸಾರು ಮಾಡಿ.